ಯಾರಿಗೂ ಹೇಳಬ್ಯಾಡ್ರಿ, ಬಾಳೆಹಣ್ಣು ತಂದೀನಿ

ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿಗೆ ನಾನು ವಾರ್ಡನ್. ಏನಾದರೂ ಘಟನೆ ನಡೆದರೆ ಮೇಲಿನವರಿಗೆ ತಕ್ಷಣ ತಿಳಿಸಬೇಕು, ಉಳಿದ ಯಾರಿಗೂ ತಿಳಿಯಬಾರದು. ಎರಡೂ ನನ್ನದೇ ಕೆಲಸ. ಬೀದರ್‌ನಲ್ಲಿ ಮೊದಲನೆಯದು ತಡವಾಗುತ್ತದೆ, ಎರಡನೆಯದು ಆಗುವುದೇ ಇಲ್ಲ. ಅತ್ತು ಅತ್ತು ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರನ್ನೂ ಬದಲಿಸಿದ್ದೇನೆ. ಅದರಿಂದ ಗುರುತು ಹಿಡಿಯಲು ನಮ್ಮ ಜನಕ್ಕೆ ಏನೂ ತೊಂದರೆಯಾಗುವುದಿಲ್ಲ.

ತರಬೇತಿ

ಗುಟ್ಟು ಕಾಯುವುದು ಹೇಗೆಂದು ಕಲಿಸಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಸುತ್ತಲಿನ ಹಾಸ್ಟೆಲುಗಳ ವಾರ್ಡನ್‌ಗಳೆಲ್ಲ ಸೇರಿದ್ದೆವು.

“ಉದಾಹರಣೆಗೆ, ಒಬ್ಬ ಹುಡುಗಿಗೆ ಹುಷಾರಿಲ್ಲ ಅಂತಿಟ್ಟುಕೊಳ್ಳಿ. ನೀವು ಆಕೆಯ ಹೆಸರು ಹೇಳಬಾರದು” ಎಂದರು.

ಔರಾದಿನ ವಾರ್ಡನ್ ಕೈ ಎತ್ತಿದರು. “ಹೆಸರು ಬ್ಯಾಡ್ರಿ ಸರ್. ಯಾವ ಊರಾಕಿ, ಯಾರ ಮಗಳು, ಅಷ್ಟು ಹೇಳ್ರಿ ಸಾಕು.”

“ಅಂಥ ಹುಡುಗಿ ಯಾರೂ ಇಲ್ಲ. ಇದು ಬರೀ ಉದಾಹರಣೆ.”

“ಗೊತ್ತಾಯ್ತ್ರಿ, ನೀವು ಹೇಳಂಗಿಲ್ಲ” ಎಂದು ಅವರು ಮೆಚ್ಚಿ ತಲೆಯಾಡಿಸಿದರು.

ಊಟದ ಹೊತ್ತಿನಲ್ಲಿ ಭಾಲ್ಕಿಯ ವಾರ್ಡನ್ ಮೇಡಂ ಆ ಬೆಂಗಳೂರಿನವರ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: “ಪಾಪ, ಆ ಹುಡುಗಿ ಈಗ ಹ್ಯಾಂಗ ಅದಾಳ್ರಿ ಸರ್?”

ಬಾಗಿಲು

ಕೆಲವೇ ದಿನಗಳಲ್ಲಿ ಆ ಉದಾಹರಣೆ ನನ್ನ ಹಾಸ್ಟೆಲಿಗೇ ಬಂತು. ಖಟಕ ಚಿಂಚೋಳಿಯ ಹುಡುಗಿ, ಕೊನೆಯ ವರ್ಷ. ಪರೀಕ್ಷೆ ಹತ್ತಿರ ಬಂದಂತೆ ಊಟ ನಿದ್ದೆ ಬಿಟ್ಟು, ಒಂದು ಬೆಳಿಗ್ಗೆ ಕೈಕಾಲು ನಡುಗಿ ಬಿದ್ದಳು. ಮಾನಸಿಕ ರೋಗದ ಡಾಕ್ಟರು ಮಾತ್ರೆ ಬರೆದು, ಕೆಲವು ತಿಂಗಳು ತೆಗೆದುಕೊಂಡರೆ ಸರಿಹೋಗುತ್ತದೆ ಎಂದರು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡಳು.

“ಮನ್ಯಾಗ ಹೇಳಬ್ಯಾಡ್ರಿ ಮೇಡಂ. ಅಪ್ಪಗ ಗೊತ್ತಾದ್ರ ಸಾಲಿ ಬಿಡಿಸಿ ಕರಕೊಂಡು ಹೋಗ್ತಾರ.”

ಆಕೆಗೆ ಇಪ್ಪತ್ತು ದಾಟಿದೆ. ಆಕೆಯ ಒಪ್ಪಿಗೆ ಇಲ್ಲದೆ ಮನೆಗೆ ಹೇಳುವ ಹಾಗೂ ಇಲ್ಲ. ಮಾತು ಕೊಟ್ಟೆ.

ಆದರೆ ನಮ್ಮ ಸಾಹೇಬರಿಗೆ ವರದಿ ಒಪ್ಪಿಸಲೇಬೇಕಲ್ಲ. “ಖಾಸಗಿ ವಿಷಯ ಸರ್” ಎಂದೆ. “ಹಂಗಾದ್ರ ಬಾಗಿಲ ಹಾಕಸ್ತೇನಿ” ಎಂದರು. ಕಚೇರಿ ಕಟ್ಟಿದಾಗಿನಿಂದ ಆ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಜವಾನ ತಳ್ಳಿದ, ಆಗಲಿಲ್ಲ. ಇಬ್ಬರು ಗುಮಾಸ್ತರು ಬಂದು ಹೆಗಲು ಕೊಟ್ಟರು. ಕೊನೆಗೂ ಮುಚ್ಚಿತು. ಮುಚ್ಚಿದವರೆಲ್ಲ ಅಲ್ಲೇ ಹೊರಗೆ ನಿಂತರು.

ನಾನು ಪಿಸುಗುಟ್ಟಿದೆ. “ಫ್ಯಾನಿನ ಸಪ್ಪಳದಾಗ ಕೇಳಸಂಗಿಲ್ರಿ, ಜೋರಲೇ ಹೇಳ್ರಿ” ಎಂದರು ಸಾಹೇಬರು. ನಾನು ಮೇಜಿನ ಮೇಲೆ ಬಾಗಿ ಮತ್ತೆ ಪಿಸುಗುಟ್ಟಿದೆ, ಜೋರಾಗಿ ಹೇಳಲಿಲ್ಲ. ಅವರೇ ಹೇಳಿದರು: “ಏನು, ತಲಿ ಡಾಕ್ಟರ್ ಕಡಿ ಹೋಗಿದ್ರೇನು? ಆ ಖಟಕ ಚಿಂಚೋಳಿ ಹುಡುಗೀನಾ?”

ಬಾಗಿಲಾಚೆಯಿಂದ ಗುಮಾಸ್ತರ ದನಿ ಬಂತು: “ಸರ್, ನಾವೇನೂ ಕೇಳಿಲ್ರಿ.”

ಬಾಳೆಹಣ್ಣು

ಹುಷಾರಿಲ್ಲದವರನ್ನು ಬಾಳೆಹಣ್ಣು ಹಿಡಿದು ಮಾತಾಡಿಸಲು ಹೋಗದಿದ್ದರೆ ನಮ್ಮ ಕಡೆ ದೊಡ್ಡ ತಪ್ಪು. ಗುಟ್ಟಿನ ವಿಷಯ ಬಾಯಿಬಿಡುವುದೂ ತಪ್ಪು. ನಮ್ಮವರು ಎರಡನ್ನೂ ಪಾಲಿಸಿದರು.

ಮೊದಲು ಅಡುಗೆಯಾಕೆ, ನಾವೆಲ್ಲ ಮೌಶಿ ಎಂದು ಕರೆಯುವವಳು, ಬಾಳೆಹಣ್ಣು ಹಿಡಿದು ಬಂದಳು. “ನನಗೇನೂ ಗೊತ್ತಿಲ್ರಿ ಮೇಡಂ, ಹಂಗೇ ಬಂದೀನಿ.” ಚಿದ್ರಿಯಿಂದ ಗುಮಾಸ್ತರ ಹೆಂಡತಿ ಬಂದರು, ಅವರೂ ಹಂಗೇ, ಬಾಳೆಹಣ್ಣಿನ ಜೊತೆ. ಸಾಹೇಬರು ಒಂದು ಡಜನ್ ಕಳಿಸಿದರು, ತಮ್ಮ ಹೆಸರು ಹೇಳಬಾರದೆಂದು ಹೇಳಿ. ಬಂದವರೆಲ್ಲ ಹುಡುಗಿಯ ಮಂಚದ ಸುತ್ತ ಕೂತು, ಆಕೆಯ ಮುಖ ನೋಡಿ ನಿಟ್ಟುಸಿರು ಬಿಟ್ಟು, ಬಿಸಿಲಿನ ಬಗ್ಗೆ ಮಾತಾಡಿ ಹೋದರು.

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ನಾನು ಯಾವ ಸೀಮೆಯ ವಾರ್ಡನ್? ಇನ್ನು ಸುದ್ದಿ ಭಾಲ್ಕಿ ಮುಟ್ಟಿದರೆ ಮುಗಿಯಿತು, ಆಕೆಯ ಊರು ಮುಟ್ಟಿದಂತೆಯೇ.

ಸಂಜೆ ಹುಡುಗಿ ಬಾಳೆಹಣ್ಣಿನ ರಾಶಿ ನೋಡಿ ಕೇಳಿದಳು: “ಮೇಡಂ, ಖರೇ ಹೇಳ್ರಿ, ನಾ ಸಾಯ್ತೇನೇನ್ರಿ?”

ಅಪ್ಪ

ಆ ವಾರವೇ ಆಕೆಯ ಅಪ್ಪ ರೊಟ್ಟಿಗಂಟು ಹಿಡಿದು ನನ್ನ ಕೋಣೆಗೆ ಬಂದರು.

“ಮೇಡಂ, ನನಗೆಲ್ಲಾ ಗೊತ್ತಾಗ್ಯಾದ್ರಿ.”

“ಯಾರು ಹೇಳಿದ್ರು?”

“ಮಗಳಿಗಿ ರೊಟ್ಟಿ ಕೊಡ್ಲಾಕ ಬರ್ತಿದ್ದೆ. ಭಾಲ್ಕಿ ಬಸ್ಸಿನಾಗ ಒಬ್ಬ ವಾರ್ಡನ್ ಮೇಡಂ ಬಾಳಿಹಣ್ಣು ಹಿಡಕೊಂಡು ಕುಂತಿದ್ರು. ಬೀದರದಾಗ ಒಂದು ಹುಡುಗಿಗಿ ಆರಾಮಿಲ್ಲ, ಮಾತಾಡ್ಸಲಾಕ ಹೊಂಟೀನಿ ಅಂದ್ರು. ಖಟಕ ಚಿಂಚೋಳಿಯಾಕಿ, ಕೊನೀ ವರ್ಷ, ತಲಿ ಡಾಕ್ಟರ್ ಗುಳಿಗಿ ಕೊಟ್ಟಾರ, ಅಪ್ಪಂದು ಹಿಟ್ಟಿನ ಗಿರಣಿ ಅದ ಅಂದ್ರು. ಹೆಸರು ಮಾತ್ರ ಎಷ್ಟು ಕೇಳಿದ್ರೂ ಹೇಳಲಿಲ್ರಿ. ಭಾಳ ಕಟ್ಟುನಿಟ್ಟಿನ ಮನಶ್ಯಾರು.”

ಭಾಲ್ಕಿಯವರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿ, ಈ ಅಪ್ಪನಿಗೆ ಕೈಮುಗಿದೆ. “ಆಕಿನ್ನ ಕರಕೊಂಡು ಹೋಗಬ್ಯಾಡ್ರಿ. ಪರೀಕ್ಷಾ ಬರೀಲಿ.”

ಅವರು ಎದ್ದು ಬಾಗಿಲು ಹಾಕಿ ಬಂದರು. ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿಗೆ ಬರೆದುಕೊಟ್ಟ ಅದೇ ಮಾತ್ರೆ.

“ನಾನೂ ತಲಿ ಡಾಕ್ಟರ್ ಗುಳಿಗಿ ನುಂಗ್ಲತ್ತೀನ್ರಿ, ಎರಡು ವರ್ಷ ಆಯ್ತು. ಮನ್ಯಾಗ ಬಿ.ಪಿ. ಗುಳಿಗಿ ಅಂತ ಹೇಳೀನಿ. ಇವು ನುಂಗಿನೇ ಗಿರಣಿ ನಡಸ್ತೇನಿ. ಆಕಿ ಯಾಕ ಸಾಲಿ ಬಿಡಬೇಕು? ನನಗ ಗೊತ್ತದ ಅಂತ ಆಕಿಗಿ ಹೇಳಬ್ಯಾಡ್ರಿ, ಅಂಜ್ತಾಳ. ನಂದೂ ಯಾರಿಗೂ ಹೇಳಬ್ಯಾಡ್ರಿ.”

ನನ್ನ ಕಣ್ಣು ತುಂಬಿ ಬಂತು. ಇವರು ನಮ್ಮ ವಿದ್ಯಾರ್ಥಿಯಲ್ಲ. ವರದಿ ಬೇಕಿಲ್ಲ, ಸಾಹೇಬರಿಲ್ಲ, ಫ್ಯಾನಿಲ್ಲ. ಈ ಒಂದು ಗುಟ್ಟನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು, ಬಾಗಿಲು ತೆಗೆದೆ.

ಹೊರಗೆ ಮೌಶಿ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕೈಗೆ ಬಾಳೆಹಣ್ಣು ಇಟ್ಟಳು.

“ನನಗೇನೂ ಗೊತ್ತಿಲ್ರಿ ಅಣ್ಣಾರ. ಹಂಗೇ ಬಂದೀನಿ.”