ಅಳಿಯ ಬೆಳೆದ ಮಸ್ಸೊಪ್ಪು

ಲೋಕೇಶನ ಕೃಷಿಜೀವನ ಶುರುವಾದದ್ದು ಕೊತ್ತಂಬರಿಯಿಂದ. ಧನಿಯಾ ಬಿತ್ತಿದರೆ ಕೊತ್ತಂಬರಿ ಬರುತ್ತದೆ ಎಂದು ಫೋನಿನಲ್ಲಿ ನೋಡಿದ್ದೇ ತಡ, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ತೆಗೆದು ಕುಂಡಕ್ಕೆ ಹಾಕಿ ದಿನಾ ನೀರೆರೆದ. ನೀರು ಬಿದ್ದಾಗಲೆಲ್ಲ ಸಾರಿನ ಘಮ ಏಳುತ್ತಿತ್ತು. ಮೊಳಕೆ ಮಾತ್ರ ಏಳಲಿಲ್ಲ. ಭೂಮಿತಾಯಿಯ ಪರಿಮಳವೇ ಹೀಗಿರಬೇಕು ಎಂದು ಕಣ್ಣು ಮುಚ್ಚಿ ಆಘ್ರಾಣಿಸುತ್ತಿದ್ದವನಿಗೆ, ಅದು ಸಾರಿನ ಪುಡಿಗೆಂದು ಹೆಂಡತಿ ಪ್ರತಿಮಾ ಹುರಿದಿಟ್ಟಿದ್ದ ಧನಿಯಾ ಎಂದು ತಿಳಿದದ್ದು ಅವಳು ಡಬ್ಬಿ ಹುಡುಕಿದ ದಿನ.

ಆಮೇಲೆ ಅವನು ಬೀಜದ ಸಹವಾಸ ಬಿಟ್ಟು ಬುಡಗಳಿಗೆ ಇಳಿದ. ಹೆಚ್ಚಿ ಉಳಿದ ಈರುಳ್ಳಿಯ ಬುಡ, ಕ್ಯಾರೆಟ್ಟಿನ ತಲೆ, ಪುದೀನದ ಕಡ್ಡಿ ಎಲ್ಲಕ್ಕೂ ನೀರಿನಲ್ಲಿ ಪುನರ್ಜನ್ಮ. ರಾಮನಗರದ ಆ ಬಾಡಿಗೆ ಮನೆಯಲ್ಲಿ ಕಸದ ಬುಟ್ಟಿ ಖಾಲಿಯಾಯಿತು, ಲೋಟಗಳು ಭರ್ತಿಯಾದವು.

ಆ ಶನಿವಾರ ಪ್ರತಿಮಾ ಕೆಂಗಲ್ ಆಂಜನೇಯನಿಗೆ ಕೈಮುಗಿದು ಬಂದವಳು, ಬಾಯಾರಿ ಅಡುಗೆಮನೆಯನ್ನೆಲ್ಲ ಜಾಲಾಡುತ್ತಿದ್ದಳು.

ಪ್ರತಿಮಾ: ರೀ, ಈ ಮನೇಲಿ ಮನುಷ್ಯರು ನೀರು ಕುಡಿಯಂಗೇ ಇಲ್ವಾ? ಒಂದ್ ಲೋಟನಾದ್ರೂ ಉಳಿಸಿದ್ದೀರಾ?

ಲೋಕೇಶ: ಚೊಂಬಲ್ಲಿ ಕುಡಿ.

ಪ್ರತಿಮಾ: ಚೊಂಬಲ್ಲಿ ಶುಂಠಿ ಮಲಗೈತೆ.

ಲೋಕೇಶ: ಅದನ್ನ ಎಬ್ಬಿಸ್ಬೇಡ. ಮೊಳಕೆ ಬರೋ ಟೈಮು.

ಪ್ರತಿಮಾ: ಬಾಣಂತನ ಮಾಡ್ತಾವ್ರೆ, ಬಾಣಂತನ! ಈಗ ನಮ್ಮಪ್ಪ ಬತ್ತಾವ್ರೆ. ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹಾಕಿ ನೇರ ಇಲ್ಲಿಗೇ. ಅವರಿಗೆ ಕಾಫಿ ಯಾವುದ್ರಲ್ಲಿ ಕೊಡ್ಲಿ, ಬಕೆಟ್ಟಲ್ಲಾ?

ಲೋಕೇಶ: ಕಾಫಿ ಯಾಕೆ? ನೇರ ಊಟಕ್ಕೇ ಕೂರ್ಸು. ಮುದ್ದೆ, ಮಸ್ಸೊಪ್ಪು. ಎಲ್ಲಾ ನಾನೇ ಮಾಡಿಟ್ಟಿದ್ದೀನಿ.

ಲೋಕೇಶನ ಎದೆ ಅಷ್ಟು ಉಬ್ಬಲು ಕಾರಣವಿತ್ತು. ಬಿಡದಿಯ ಕಾರ್ಖಾನೆಯ ಶಿಫ್ಟು ಅವನಿಗೆ ಸಾಕಾಗಿತ್ತು. ಕೋಡಿಹಳ್ಳಿಯಲ್ಲಿ ಮಾವ ಚೆಲುವಯ್ಯನವರ ತೋಟವಿದೆ. ಅದರ ಬಾವಿ ಮಗ್ಗುಲಿನ ಹತ್ತು ಗುಂಟೆ ತನಗೆ ಸಿಕ್ಕರೆ ಕೆಲಸ ಬಿಟ್ಟು ತರಕಾರಿ ಬೆಳೆಯುವುದೆಂದು ತೀರ್ಮಾನಿಸಿದ್ದ. ಮಾವ ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ‘ನೀವೇ ಬೆಳೆದಿದ್ರಲ್ಲಿ ನಂಗೆ ಒಂದೊತ್ತು ಊಟ ಹಾಕಿ. ಆಮೇಲೆ ಜಮೀನು ಕೇಳಿ’ ಎಂದಿದ್ದರು. ಆ ಹೊತ್ತು ಇವತ್ತೇ.

ಪ್ರತಿಮಾ: ಮಸ್ಸೊಪ್ಪಾ? ಯಾವ ಸೊಪ್ಪು ಹಾಕಿದ್ರಿ?

ಲೋಕೇಶ: ನಮ್ದೇ. ಬಾಲ್ಕನಿ ಬಸಳೆ. ಒಂದೆಲೆ ಬುಡದೆ ಕಿತ್ತು, ಬೇಳೆ ಜೊತೆ ಬೇಯ್ಸಿ ಮಸೆದ್ಬುಟ್ಟೆ.

ಪ್ರತಿಮಾ ಬಾಲ್ಕನಿಗೆ ಓಡಿದಳು. ಹಳೆಯ ಪೇಂಟ್ ಬಕೆಟ್ಟಿನಲ್ಲಿ ಬೋಳು ಕಡ್ಡಿಗಳು ನಿಂತಿದ್ದವು. ಅವಳು ಕಂಬಿ ಹಿಡಿದು ಕುಸಿದು ಕೂತಳು. ಅಳುತ್ತಿದ್ದಾಳೆಂದು ಲೋಕೇಶ ಗಾಬರಿಯಾದ. ನಗುತ್ತಿದ್ದಳು.

ಪ್ರತಿಮಾ: ರೀ... ಅದು ಬಸಳೆ ಅಲ್ಲ ಕಣ್ರೀ. ಹಿಪ್ಪುನೇರಳೆ! ನಮ್ಮಪ್ಪ ರೇಷ್ಮೆ ಹುಳಕ್ಕೆ ಹಾಕೋ ಸೊಪ್ಪು!

ಲೋಕೇಶ: ಏನ್ ತಮಾಷೆ ಮಾಡ್ತೀಯಾ? ಸಂತೆ ಬಸಳೆ ದಂಟು ನನ್ನ ಕೈಯಾರೆ ನೆಟ್ಟಿದ್ದೀನಿ.

ಪ್ರತಿಮಾ: ನೆಟ್ರಿ. ಅದು ಹಬ್ಕೊಳ್ಳಕ್ಕೆ ಅಂತ ನಮ್ಮ ತೋಟದಿಂದ ಕಡ್ಡಿ ತಂದು ಚುಚ್ಚಿದ್ರಲ್ಲಾ, ಅವು ಏನು? ದಂಟು ಆವತ್ತೇ ಕೊಳೀತು. ಕಡ್ಡಿ ಚಿಗುರ್ತು.

ಮುದುಕಿ ತೀರಿಕೊಂಡು ಊರುಗೋಲು ಚಿಗುರಿದ ಹಾಗೆ. ಲೋಕೇಶ ಚನ್ನಪಟ್ಟಣದ ಬೊಂಬೆ ಪೇಟೆಯ ಹುಡುಗ. ಅವನ ಪಾಲಿಗೆ ಮರವೆಂದರೆ ಬಣ್ಣ ಬಳಿದು ಚಕ್ರ ಸಿಕ್ಕಿಸಿದ ಮೇಲಷ್ಟೇ ಗುರುತು ಸಿಗುವ ವಸ್ತು.

ಲೋಕೇಶ: ಎಲೆ ಅಂಚು ಒಸಿ ಗರಗಸದಂಗೆ ಐತಲ್ಲಾ ಅನ್ನಿಸ್ತು. ಬಾಲ್ಕನಿ ಬಿಸಿಲಿಗೆ ಹಂಗಾಗಿರ್ಬೋದು ಅಂದ್ಕೊಂಡೆ.

ಪ್ರತಿಮಾ: ಬಿಸಿಲಿಗೆ ಬಸಳೆ ಜಾತಿ ಬದಲಾಯ್ಸುತ್ತಾ?

ಲೋಕೇಶ: ನಿಂಗೆ ಯಾವಾಗಿಂದ ಗೊತ್ತು?

ಪ್ರತಿಮಾ: ಚಿಗುರು ಕಣ್ಣು ಬುಟ್ಟಾಗ್ಲೇ.

ಲೋಕೇಶ: ಹೇಳ್ಬಾರ್ದಿತ್ತಾ?

ಪ್ರತಿಮಾ: ಹೇಳೋ ಹೊತ್ತಿಗೆ ನೀವು ಸ್ಟೇಟಸ್ ಹಾಕ್ಬುಟ್ಟಿದ್ರಿ. ‘ಕಸದಿಂದ ರಸ’ ಅಂತ. ಪಕ್ಕದ್ಮನೆ ಅಸ್ರಾ ಬಂದು ಫೋಟೋ ಹೊಡ್ಕೊಂಡ್ ಹೋದ್ಲು. ನಾನ್ಯಾಕೆ ಗಂಡನ ಮಾನ ಕಳೀಲಿ?

ಲೋಕೇಶ: ಈಗ ಉಳೀತಾ ಮಾನ? ಅದಿರ್ಲಿ, ತಿಂದ್ರೆ ಏನಾದ್ರೂ ಆಯ್ತದಾ?

ಪ್ರತಿಮಾ: ಏನೂ ಆಗಲ್ಲ. ಹುಳ ತಿಂದು ದಪ್ಪ ಆಯ್ತವೆ, ಆಮೇಲೆ ನೂಲು ಬುಡ್ತವೆ. ಅಪ್ಪನ ಬಾಯಲ್ಲಿ ನೂಲು ಬಂದ್ರೆ ಗೂಡು ಕೊಳ್ಳೋ ರೀಲರ್‌ಗೆ ಫೋನ್ ಮಾಡಿ.

ಲೋಕೇಶ: ಚೆಲ್ಬುಡ್ತೀನಿ. ಓಟ್ಲಿಂದ ಏನಾದ್ರೂ...

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಚೆಲುವಯ್ಯ ಟವಲಿನಿಂದ ಬೆವರೊರೆಸುತ್ತ ಒಳಬಂದು, ಕಿಟಕಿ ಕಟ್ಟೆಯ ಮೇಲಿದ್ದ ಲೋಟವನ್ನೆತ್ತಿ ಗಟಗಟ ಕುಡಿದರು. ಕೊನೆಯ ಗುಟುಕಿಗೆ ಮೀಸೆಗೇನೋ ತಗುಲಿತು.

ಚೆಲುವಯ್ಯ: ಇದ್ಯಾಕವ್ವಾ ನೀರಲ್ಲಿ ಈರುಳ್ಳಿ ಬುಡ? ಮಜ್ಜಿಗೆ ಮಾಡಕ್ಕೋಗಿ ಮರ್ತ್‌ಬುಟ್ರಾ?

ಲೋಕೇಶ: ಅದು... ಬೆಳೀತೈತೆ ಮಾವ.

ಚೆಲುವಯ್ಯ: ಬೆಳೀಲಿ ಬೆಳೀಲಿ. ನೀರು ನಾನು ಕುಡ್ದ್‌ಬುಟ್ಟೆ, ಇನ್ನೊಸಿ ಹಾಕವ್ವಾ ಅದಕ್ಕೆ. ಊಟ ಎಲ್ಲಿ? ಅಳಿಯಂದ್ರ ಬೆಳೆ ಉಣ್ಣಾನ ಅಂತ ಬೆಳಿಗ್ಗೆ ತಿಂಡೀನೂ ತಿಂದಿಲ್ಲ.

ಲೋಕೇಶ: ಮಾವ, ಇವತ್ತು ಬ್ಯಾಡ ಅನ್ಸ್ತೈತೆ. ಸೊಪ್ಪು ಒಸಿ ಬಲ್ತ್‌ಬುಟ್ಟೈತೆ. ಮಟನ್ ತರ್ಲಾ?

ಚೆಲುವಯ್ಯ: ಶನಿವಾರ ಮಟನ್ನಾ? ಮಗಳು ಆಂಜನೇಯನ ಕುಂಕುಮ ಇಟ್ಕೊಂಡ್ ನಿಂತವಳೆ, ನೀವು ಮಟನ್ ಅಂತೀರಲ್ಲಾ!

ಪ್ರತಿಮಾ ತುಟಿ ಕಚ್ಚಿಕೊಂಡು ತಟ್ಟೆ ಹಾಕಿದಳು. ಬಿಸಿ ಮುದ್ದೆ, ಅದರಲ್ಲೇ ಗುಣಿ ಮಾಡಿ ಮಸ್ಸೊಪ್ಪು. ಲೋಕೇಶ ಗೋಡೆಗೊರಗಿ ನಿಂತ. ಕಾರ್ಖಾನೆಯಲ್ಲಿ ಆಡಿಟ್‌ನವರು ಬಂದಾಗಲೂ ಅವನು ಹೀಗೆ ಗೋಡೆಗೆ ಅಂಟಿಕೊಂಡಿರಲಿಲ್ಲ. ಮಾವ ಮೊದಲ ತುತ್ತು ನುಂಗಿದರು. ತಲೆ ಎತ್ತಿ ಸೂರು ನೋಡಿದರು. ಎರಡನೆಯದನ್ನು ನುಂಗಿದರು.

ಚೆಲುವಯ್ಯ: ಯಾವ ಸೊಪ್ಪಪ್ಪಾ ಇದು?

ಲೋಕೇಶ: ಬೆರಕೆ ಸೊಪ್ಪು ಮಾವ.

ಚೆಲುವಯ್ಯ: ಬೆರಕೆ? ಏನೇನು ಬೆರೆಸಿದ್ದೀರಿ?

ಲೋಕೇಶ: ಬೇಳೆ.

ಪ್ರತಿಮಾ ಕೆಮ್ಮುತ್ತ ಒಳಗೆ ಓಡಿದಳು. ಚೆಲುವಯ್ಯ ತಲೆ ಎತ್ತದೆ, ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಮನೆ ಉಣ್ಣುತ್ತ ಹೋದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಮತ್ತೂ ಒಂದು. ಪಾತ್ರೆಯ ತಳ ಕಂಡಿತು, ಲೋಕೇಶನಿಗೆ ಜೀವ ಬಂತು. ಬಾವಿ ಮಗ್ಗುಲಲ್ಲಿ ಬದನೆ ಹಾಕುವುದೋ, ಬೆಂಡೆ ಹಾಕುವುದೋ ಎಂಬ ಲೆಕ್ಕಾಚಾರ ಅವನ ತಲೆಯಲ್ಲಿ ಶುರುವೂ ಆಯಿತು.

ಕೈ ತೊಳೆಯಲು ಮಾವ ನೇರ ಬಾಲ್ಕನಿಗೆ ನಡೆದರು. ತಡೆಯಲು ಹೋದ ಲೋಕೇಶ ಪುದೀನದ ಲೋಟ ಎಡವಿದ.

ಚೆಲುವಯ್ಯ: ಹೂಂ. ನಮ್ಮ ತೋಟದ ಕಡ್ಡೀನೇ. ಚೆನ್ನಾಗಿ ಬೇರು ಬುಟ್ಟೈತೆ.

ಲೋಕೇಶ: ಮಾವ... ಬಸಳೆ ಅಂತ... ನಂಗೆ ಗೊತ್ತಾಗ್ಲಿಲ್ಲ ಮಾವ.

ಚೆಲುವಯ್ಯ: ನಂಗೆ ಗೊತ್ತಾಯ್ತು. ಮೊದಲ್ನೇ ತುತ್ತಿಗೇ.

ಪ್ರತಿಮಾ: ಅಪ್ಪಾ! ಗೊತ್ತಿದ್ದೂ ಪಾತ್ರೆ ಬಳ್ಕೊಂಡ್ ಉಂಡ್ಯಲ್ಲಪ್ಪಾ?

ಚೆಲುವಯ್ಯ ಒದ್ದೆ ಕೈಯನ್ನು ಟವಲಿಗೆ ಒರೆಸಿಕೊಂಡರು. ಮುಖದಲ್ಲಿ ಒಂಥರಾ ನಾಚಿಕೆ.

ಚೆಲುವಯ್ಯ: ಏನ್ ಹೇಳ್ಲವ್ವಾ. ಹುಟ್ಟಿದಾಗಿಂದ ಆ ಹುಳಗಳು ತಿನ್ನೋದು ನೋಡ್ತಾ ಇವ್ನಿ. ಸೊಪ್ಪು ಹಾಕ್ದೇಟ್ಗೆ ಮಳೆ ಬಂದಂಗೆ ಸದ್ದು ಮಾಡ್ಕೊಂಡು ಮುಕ್ತವೆ. ಅದೇನ್ ರುಚಿ ಇದ್ದದು ಅಂತ ಬೋ ದಿನದ ಆಸೆ. ಒಂದ್ಸತಿ ಮಾಡ್ಕೊಡು ಅಂದ್ರೆ ನಿಮ್ಮವ್ವ ಬೋರಮ್ಮ ಸೌಟು ತಕ್ಕೊಂಡು ಬಂದ್ಲು. ಇವತ್ತು ಅಳಿಯಂದ್ರು ತೀರ್ಸುದ್ರು. ಹುಳಗಳದ್ದು ತಪ್ಪಿಲ್ಲ ಕಣವ್ವಾ. ಚೆಂದಾಗೈತೆ.

ಪ್ರತಿಮಾಳ ಬಾಯಿ ತೆರೆದೇ ಇತ್ತು. ಲೋಕೇಶ ಮಾತ್ರ ನಿಧಾನವಾಗಿ ನೆಟ್ಟಗಾದ. ಷರತ್ತು ಏನಿತ್ತು? ತಾನು ಬೆಳೆದಿದ್ದರಲ್ಲಿ ಒಂದೊತ್ತು ಊಟ. ಬಕೆಟ್ಟು ತನ್ನದು, ಮಣ್ಣು ತನ್ನದು, ನೀರೆರೆದವನು ತಾನು. ಬಸಳೆಯೇ ಆಗಿರಬೇಕೆಂದು ಮಾವ ಎಲ್ಲೂ ಹೇಳಿರಲಿಲ್ಲ.

ಪ್ರತಿಮಾ: (ಕಣ್ಣು ಬಿಡುತ್ತ) ರೀ, ಬ್ಯಾಡ. ಕೇಳ್ಬೇಡಿ.

ಲೋಕೇಶ: ಸುಮ್ನಿರು. ಮಾವ, ಬೆಳೆದಿದ್ದಂತೂ ನಾನೇ ತಾನೇ?

ಚೆಲುವಯ್ಯ: ನೀವೇ.

ಲೋಕೇಶ: ಹೊಟ್ಟೆ ತುಂಬಾ ಉಂಡ್ರಿ ತಾನೇ?

ಚೆಲುವಯ್ಯ: ತೇಗು ಬರೋವರ್ಗೂ.

ಲೋಕೇಶ: ಹಂಗಾದ್ರೆ ಮಾವ... ಆ ಬಾವಿ ಮಗ್ಗುಲು ಹತ್ತು ಗುಂಟೆ, ನಂಗೆ ಕೊಟ್ಟಂಗೇನಾ?

ಚೆಲುವಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಚೆಲುವಯ್ಯ: ನಾನು ತಿಂದಿರೋದು ಸೊಪ್ಪು ಕಣಪ್ಪಾ. ಸಗಣಿ ಅಲ್ಲ.