ಗುಡ್ಡ ನೋಡಿ ಹೆಣ್ಣು ಕೊಟ್ಟವರು

ಹೆಣ್ಣು ಹೆತ್ತವರು ಗಂಡಿನ ಕುಲ ನೋಡುತ್ತಾರೆ, ಗುಣ ನೋಡುತ್ತಾರೆ, ಎಷ್ಟು ಎಕರೆ ಎಂದು ಪಕ್ಕದ ಮನೆಯವರನ್ನು ಪಿಸುಗುಟ್ಟಿ ಕೇಳುತ್ತಾರೆ. ನಮ್ಮ ಚಿಕ್ಕಪ್ಪ ಮಾತ್ರ ಗಂಡಿನ ಮನೆ ಹಿಂದಿನ ಗುಡ್ಡ ಕುಸಿಯುತ್ತದೆಯೇ ಎಂದು ನೋಡುತ್ತಾರೆ! ಇಂಥವರನ್ನು ಚಿಕ್ಕಪ್ಪನಾಗಿ ಪಡೆಯಲು ನಾವು ಯಾವ ಜನ್ಮದಲ್ಲಿ ಯಾವ ಬೆಟ್ಟ ಅಗೆದಿದ್ದೆವೋ!

ನಮ್ಮೂರು ತ್ಯಾಮಗೊಂಡ್ಲು ಕಡೆಯದು. ಅಲ್ಲಿ ಎತ್ತರ ಎಂದರೆ ಕೆರೆ ಏರಿ, ಇಳಿಜಾರು ಎಂದರೆ ತಿಪ್ಪೆ. ಅಂಥ ಊರಿನವರಿಗೆ ಭೂಕುಸಿತದ ಹುಚ್ಚು ಹತ್ತಿದ್ದು ಹೇಗೆ? ಹಿಂದೊಮ್ಮೆ ಧರ್ಮಸ್ಥಳಕ್ಕೆ ಹೊರಟ ಬಸ್ಸು, ಘಾಟಿಯಲ್ಲಿ ಮಣ್ಣು ಕುಸಿದು ಇಡೀ ದಿನ ನಿಂತುಬಿಟ್ಟಿತು. ಉಳಿದವರು ಚಿತ್ರಾನ್ನದ ಬುತ್ತಿ ಬಿಚ್ಚಿದರೆ, ಚಿಕ್ಕಪ್ಪ ಅಲ್ಲಿಗೆ ಬಂದಿದ್ದ ಇಂಜಿನಿಯರೊಬ್ಬರ ಬೆನ್ನು ಬಿದ್ದರು. ಸಂಜೆ ಹೊತ್ತಿಗೆ ಆ ಮನುಷ್ಯನಿಗೆ ಗುಡ್ಡಕ್ಕಿಂತ ಚಿಕ್ಕಪ್ಪನ ಭಯವೇ ಹೆಚ್ಚಾಗಿತ್ತಂತೆ.

ಅಂದಿನಿಂದ ಮನೆಯಲ್ಲಿ ಚಿಕ್ಕಪ್ಪನ ಪಾಠ ಶುರುವಾಯಿತು. ಕುಸಿತದಲ್ಲೂ ಜಾತಿಗಳಿವೆಯಂತೆ! (ಅಲ್ಲೂ ಬಿಡಲಿಲ್ಲ ನೋಡಿ.) ಕಡಿದಾದ ಬಂಡೆಯಿಂದ ಕಲ್ಲು ಕಳಚಿ ದಬದಬ ಬೀಳುವುದು ಒಂದು ಜಾತಿ, ಅದು ನಮ್ಮ ದೊಡ್ಡಪ್ಪನ ಕೋಪ. ಕೆಳಗೆ ಬಂಡೆ, ಮೇಲೆ ಸಡಿಲ ಮಣ್ಣಿದ್ದರೆ, ಮಳೆಗಾಲದಲ್ಲಿ ನೀರು ಕುಡಿದು ಇಡೀ ಪದರವೇ ಜಾರುತ್ತದೆ. ಪಂಚಾಯ್ತಿ ಚುನಾವಣೆಯ ಹಿಂದಿನ ದಿನ ನಮ್ಮ ಭಾವ ಬೆಂಬಲಿಗರ ಸಮೇತ ಕಡೆ ಬದಲಿಸಿದ ಹಾಗೆ. ಇನ್ನು ಮಣ್ಣೇ ಅಂಬಲಿಯಾಗಿ, ಅಡ್ಡ ಬಂದದ್ದನ್ನೆಲ್ಲ ಬಳಿದುಕೊಂಡು ಹರಿಯುವ ಜಾತಿ. ಅದಕ್ಕೆ ಉದಾಹರಣೆ ಕೊಡಲು ಬಾಯಿ ತೆರೆದವರು ಚಿಕ್ಕಮ್ಮನ ಮುಖ ನೋಡಿ ಸುಮ್ಮನಾದರು.

ಅವರಿಗೆ ಅಚ್ಚುಮೆಚ್ಚಿನ ಜಾತಿ ಎಂದರೆ ತೆವಳುವ ಮಣ್ಣು. ಅದು ಕಣ್ಣಿಗೆ ಕಾಣುವುದಿಲ್ಲ. ವರ್ಷವರ್ಷಕ್ಕೂ ಚೂರುಚೂರೇ ಇಳಿಯುತ್ತದೆ. ಮರಗಳು ಬಾಗುತ್ತವೆ, ಬೇಲಿಕಂಬ ವಾಲುತ್ತದೆ. ಈ ಜ್ಞಾನ ಉಪಯೋಗಕ್ಕೆ ಬಂದದ್ದು ಪಕ್ಕದ ಹೊಲದವನ ಮೇಲೆ. ಅವನ ಬದು ವರ್ಷಕ್ಕಿಷ್ಟು ಎಂದು ನಮ್ಮ ಹೊಲದೊಳಕ್ಕೆ ಬರುತ್ತಿತ್ತು.

“ಏನಣ್ಣ, ನಿನ್ ಬದು ತೆವಳ್ತಾ ಐತಲ್ಲ?”

“ಮಣ್ಣಿನ ಗುಣ ಕಣಪ್ಪಾ, ನಾನೇನ್ ಮಾಡ್ಲಿ?”

“ಸರಿಯೇ ಅನ್ನು. ಆದ್ರೆ ಮಣ್ಣು ಇಳಿಜಾರಿಗೆ ತೆವಳ್ತದೆ. ನಿನ್ದು ಏರು ಹತ್ತಾ ಐತಲ್ಲೋ!”

ಇಲ್ಲಿಯವರೆಗೆ ಎಲ್ಲ ತಮಾಷೆ. ಆಮೇಲೆ ಚಿಕ್ಕಪ್ಪನ ಮಗಳ ಮದುವೆ ಬಂತು. ಹುಡುಗ ತೂಬಗೆರೆ ಕಡೆಯವನು, ಮಗಳು ಮೆಚ್ಚಿದ್ದಳು. ನಾವೆಲ್ಲ ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಹೋದೆವು. ಬಜ್ಜಿ ಬಂತು, ಕಾಫಿ ಬಂತು, ಚಿಕ್ಕಪ್ಪ ಮಾತ್ರ ನಾಪತ್ತೆ! ಹುಡುಕಿದರೆ, ಬಿಳಿ ಪಂಚೆ ಎತ್ತಿಕಟ್ಟಿ ಮನೆ ಹಿಂದಿನ ಗುಡ್ಡದ ಮೇಲೆ ಅಂಬೆಗಾಲಲ್ಲಿದ್ದರು. ಒಂದು ಕೈ ಮೊಣಕೈವರೆಗೆ ನೆಲದ ಬಿರುಕಿನೊಳಗೆ!

ಬೀಗರಾಗಬೇಕಾದವರು ಹಿತ್ತಲು ದೊಡ್ಡದಾಗಲಿ ಎಂದು ಜೆಸಿಬಿ ತರಿಸಿ ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕೊರೆಸಿದ್ದರು. ನೆತ್ತಿಯ ಮೇಲೆ ಯಾರೋ ಮರಗಳನ್ನೆಲ್ಲ ಬೋಳಿಸಿ, ನೀರಿನ ಟ್ಯಾಂಕ್ ಕೂರಿಸಿ, ಲೇಔಟ್ ಮಾಡಿ ‘ಹಿಲ್ ವ್ಯೂ’ ಎಂದು ಬೋರ್ಡು ನೆಟ್ಟಿದ್ದರು. ಹಿಲ್ಲನ್ನು ಕರಗಿಸಿ ವ್ಯೂ ಮಾರುವ ವಿದ್ಯೆ ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಚಿಕ್ಕಪ್ಪ ಮಣ್ಣು ಮೆತ್ತಿದ ಕೈಯಲ್ಲೇ ಬಂದು ಕೂತು, “ಹುಡುಗ ಚಿನ್ನದಂಥವನು. ಗುಡ್ಡ ಸರಿ ಇಲ್ಲ” ಎಂದರು.

ಬೀಗರ ಮುಖ ಕೆಂಪಾಯಿತು. “ನಮ್ ತಾತನ ಕಾಲದಿಂದ ಆ ಗುಡ್ಡ ಹಂಗೇ ಕುಂತೈತೆ ಸ್ವಾಮಿ!”

“ನಿಮ್ ತಾತ ಅದ್ರ ಕಾಲು ಕಡಿದಿರಲಿಲ್ಲ. ತಲೆ ಮೇಲೆ ಟ್ಯಾಂಕ್ ಹೊರಿಸಿರಲಿಲ್ಲ. ಬೇರು ಕಿತ್ತಿರಲಿಲ್ಲ. ಬಿರುಕಿಗೆ ನೀರು ಇಳಿದ್ರೆ ಇನ್ನೇನ್ರೀ ಗತಿ?”

ವಾಪಸ್ಸು ಬರುವಾಗ ಕಾರಿನಲ್ಲಿ ಚಿಕ್ಕಮ್ಮ ಉರಿದುಬಿದ್ದರು. “ಮಗಳನ್ನ ಹುಡುಗಂಗೆ ಕೊಡ್ತಿದೀರೋ, ಗುಡ್ಡಕ್ಕೆ ಕೊಡ್ತಿದೀರೋ?” ಮಗಳು ಕಣ್ಣೊರೆಸಿಕೊಂಡು ಹೇಳಿದಳು: “ಅಪ್ಪಾ, ನಾನು ಅವ್ರನ್ನೇ ಮದ್ವೆ ಆಗೋದು. ಗುಡ್ಡ ನೀನೇ ನೋಡ್ಕೋ!”

ಸಿಟ್ಟಿನ ಮಾತು ಅದು. ಚಿಕ್ಕಪ್ಪ ನಿಜಕ್ಕೂ ನೋಡಿಕೊಳ್ಳಲು ಹೊರಟರು! ಮದುವೆ ಒಪ್ಪಿಕೊಂಡು, ಮಾರನೆಯ ವಾರವೇ ಗುದ್ದಲಿ ಹೆಗಲಿಗೇರಿಸಿ ಬೀಗರ ಊರಿಗೆ ಬಸ್ಸು ಹತ್ತಿದರು. ಮೇಲಿನ ನೀರು ಬಿರುಕಿಗೆ ಇಳಿಯದಂತೆ ಪಕ್ಕಕ್ಕೆ ಹೋಗಲು ಕಾಲುವೆ ತೋಡಿದರು. ಬಿರುಕಿಗೆ ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಿದರು. ಬುಡಕ್ಕೆ ಕಲ್ಲು ಕಟ್ಟಿಸಿದರು. ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯಲಿ ಎಂದು ಲಾವಂಚ ನೆಟ್ಟರು. ಗಂಡಿನ ಮನೆಗೆ ಹೆಣ್ಣಿನ ತಂದೆ ಬಂದರೆ ಹಾಸಿದ ಜಮಖಾನದ ಮೇಲೆ ಕೂರುವುದು ಪದ್ಧತಿ. ಇವರು ಕೂಲಿಯವರ ಜೊತೆ ಬುಟ್ಟಿ ಹೊತ್ತರು. ಬೀಗರಿಗೆ ಊರಲ್ಲಿ ತಲೆ ಎತ್ತಲಾಗಲಿಲ್ಲ. “ವರದಕ್ಷಿಣೆ ಬದ್ಲು ಮಣ್ ಕೆಲಸಕ್ಕೆ ಹಾಕ್ಕೊಂಡವ್ರೆ” ಎಂದು ಅರಳಿಕಟ್ಟೆಯ ಮೇಲೆ ಜನ ಆಡಿಕೊಂಡರು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮದುವೆ ಆಯಿತು. ಧಾರೆ ಎರೆಯುವಾಗ ಚಿಕ್ಕಮ್ಮ ಬಿಕ್ಕಿದರು, ನಾವೆಲ್ಲ ಮೂಗೊರೆಸಿಕೊಂಡೆವು. ಚಿಕ್ಕಪ್ಪ ಮಾತ್ರ ಧಾರೆಯ ನೀರು ಬಿಡುತ್ತಲೇ ಚೌಲ್ಟ್ರಿಯ ಕಿಟಕಿಯಾಚೆಯ ಮೋಡ ನೋಡುತ್ತಿದ್ದರು. ಕಲ್ಲು ಮನಸ್ಸು ಎಂದುಕೊಂಡೆ.

ಸಂಜೆ ಹೆಣ್ಣನ್ನು ಮನೆ ತುಂಬಿಸಿ ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಚಿಕ್ಕಪ್ಪ ಮತ್ತೆ ನಾಪತ್ತೆ. ಎಲ್ಲಿ ಎಂದು ಈ ಸಲ ಯಾರೂ ಕೇಳಲಿಲ್ಲ. ಹಿತ್ತಲಿಗೆ ಹೋದರೆ, ಹೊಸ ರೇಷ್ಮೆ ಪಂಚೆಯಲ್ಲಿ ಗುಡ್ಡದ ಮೇಲೆ ನಿಂತು, ಕಸ ಕಟ್ಟಿಕೊಂಡಿದ್ದ ಕಾಲುವೆಯನ್ನು ಬಿಡಿಸುತ್ತಿದ್ದರು.

“ಅಪ್ಪಾ, ಸಾಕು ಬಾ. ಎಲ್ಲಾರೂ ನಿಂಗೇ ಕಾಯ್ತಾವ್ರೆ” ಎಂದು ಮಗಳು ಕೂಗಿದಳು.

ಅವರು ತಿರುಗದೆಯೇ ಹೇಳಿದರು: “ನಿಮ್ ರೂಮು ಹಿಂದ್ಗಡೆ ಐತೆ ಕಣವ್ವಾ. ಗುಡ್ಡದ ಪಕ್ಕ ಮಲಗೋಳು ನೀನು.”

ಆಗ ಮದುಮಗ ಬಾಸಿಂಗ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಜಾರುತ್ತ ಏಳುತ್ತ ಮೇಲೆ ಹತ್ತಿದ.

“ಕೊಡಿ ಮಾವ. ಇನ್ಮೇಲೆ ನಾನ್ ನೋಡ್ಕೋತೀನಿ.”

ಚಿಕ್ಕಪ್ಪ ಅವನ ಕಡೆ ತಿರುಗಿದರು. ಗುದ್ದಲಿಯನ್ನು ಅವನ ಕೈಗಿಟ್ಟು, ಮಳೆಯಲ್ಲಿ ಹಾಗೇ ಕುಕ್ಕರುಗಾಲಲ್ಲಿ ಕೂತು, ಚಿಕ್ಕ ಮಗುವಿನ ಹಾಗೆ ಅತ್ತರು.