ಪಕ್ಕದ ಮಳಿಗೆಗೆ ನಾಲ್ಕು ಲಕ್ಷ

ಮುಂಗಡ ನಾಲ್ಕು ಲಕ್ಷ. ಮಧುಗಿರಿಯ ನನ್ನ ಪಾತ್ರೆ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿತ್ತು. ಶುಕ್ರವಾರದೊಳಗೆ ದುಡ್ಡು ಕೊಟ್ಟರೆ ನನಗೆ, ಇಲ್ಲದಿದ್ದರೆ ಮೊಬೈಲ್ ಅಂಗಡಿಯವನಿಗೆ. ಜಾಗ ಸಾಲದೆ ವ್ಯಾಪಾರ ಇಳಿದಿದೆ ಎಂಬುದು ನನ್ನ ಲೆಕ್ಕ. ಹೆಂಡತಿ ಒಪ್ಪಲಿಲ್ಲ.

"ಹದಿನೆಂಟು ವರ್ಷ ಒಂದೇ ಕುರ್ಚೀಲಿ ಕೂತಿದೀರ. ನಿಮಗೆ ಅಂಗಡಿ ಕಾಣೋದೇ ನಿಂತುಹೋಗಿದೆ. ಮೊದಲು ಹೊರಗಿನವರಿಗೆ ತೋರಿಸಿ."

ಪುಕ್ಕಟೆ ಸಲಹೆ ತಾನೆ ಎಂದು ಹೂಂ ಅಂದೆ. ಗಲ್ಲಾಪೆಟ್ಟಿಗೆ ಮುಂದೆ ಕೂತವನಿಗೆ ಇಂಥ ಮಂಗಳಾರತಿ ಆಗಾಗ ಆಗುತ್ತಲೇ ಇರುತ್ತದೆ. ಆ ವಾರ ಸಾಲಾಗಿ ಆದವು.

ಮಂಗಳವಾರ, ಸಾಹೇಬರ ಚಹಾ

ಸಿರಾದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಹಳೆಯ ಸ್ನೇಹಿತರು, ಸಾಹೇಬರು. "ಗಿರಾಕಿ ಥರ ಬಂದು ನೋಡಿ" ಎಂದು ಕರೆದಿದ್ದೆ. ಬಂದವರು ಅಂಗಡಿ ಮುಂದೆ ಎರಡು ಸಲ ಹಾದುಹೋಗಿ, ಎದುರಿನ ಹೋಟೆಲಿನಲ್ಲಿ ಕೂತು ಚಹಾ ತರಿಸಿಕೊಂಡರು. ಹೋಗಿ ವಿಚಾರಿಸಿದೆ.

"ಅಂಗಡಿ ತೆಗೀಲಿ ಅಂತ ಕಾಯ್ತಾ ಇದೀನಿ ಭಾಯ್."

"ಎಂಟು ಗಂಟೆಗೇ ತೆಗೆದಿದೀನಲ್ಲ?"

ಅಲ್ಲಿಂದಲೇ ತಿರುಗಿ ನೋಡಿದೆ. ಬಾಗಿಲಿಗೆ ಅಡ್ಡವಾಗಿ ಡ್ರಮ್ಮು, ಬಿಂದಿಗೆ, ಬಕೆಟ್ಟುಗಳ ಎರಡು ಗೋಪುರ. ನಡುವೆ ಬೆಕ್ಕು ನುಸುಳುವಷ್ಟು ಸಂದು.

"ಮಾಲೆಲ್ಲ ಮುಂದೆ ಇಟ್ಟಿದ್ದು ಗಿರಾಕಿ ಬರಲಿ ಅಂತಾನೋ, ಬರದೇ ಇರಲಿ ಅಂತಾನೋ?" ಎಂದರು ಸಾಹೇಬರು.

ಚಹಾದ ದುಡ್ಡು ನಾನೇ ಕೊಟ್ಟೆ.

ಬುಧವಾರ, ಅಟ್ಟ

ತಂಗಿಯನ್ನು ಪಾವಗಡದ ಕಡೆ ಬಲಸಮುದ್ರಕ್ಕೆ ಕೊಟ್ಟಿದೆ. ಮಾತಿನಲ್ಲಿ ಈಗ ಅರ್ಧ ತೆಲುಗು. ಬಂದವಳೇ ಇಡ್ಲಿ ಪಾತ್ರೆ ಕೇಳಿದಳು. ಮುಗಿದಿದೆ ಅಂದೆ. ನನ್ನ ನೆತ್ತಿಯ ಮೇಲಿನ ಅಟ್ಟ ತೋರಿಸಿ, "ಅದೇಮಿ ಅಣ್ಣಾ?" ಎಂದು ಏಣಿ ಹತ್ತಿದಳು. ಒಂಬತ್ತು ಇಡ್ಲಿ ಪಾತ್ರೆ ಇಳಿದವು. ಹಿಂದೆಯೇ ಇಪ್ಪತ್ತೆರಡು ಸೀಮೆಎಣ್ಣೆ ಸ್ಟೌ.

"ಸೀಮೆಎಣ್ಣೆ ಈಗ ಎಲ್ಲಿ ಸಿಗ್ತೈತೆ?"

"ಯಾವತ್ತಾದರೂ ಮತ್ತೆ ಬಂದರೆ?"

"ಅಂದ್ರೆ ನಾಲ್ಕು ಲಕ್ಷ ಕೊಟ್ಟು ಸ್ಟೌಗಳಿಗೆ ಮನೆ ಮಾಡ್ಕೊಡ್ತಿದೀಯ. ನನ್ನ ಮದುವೇಲಿ ಅದರ ಅರ್ಧಾನೂ ಬಿಚ್ಚಲಿಲ್ವಲ್ಲೋ."

ಗುರುವಾರ, ಬಾಣಲೆ ಸಾಲು

ಸ್ಟೌಗಳು ಗುಜರಿಗೆ ಹೋದವು, ಡ್ರಮ್ಮುಗಳು ಅಟ್ಟ ಏರಿದವು. ಆದರೂ ಮನಸ್ಸು ಮಳಿಗೆಯ ಮೇಲೇ. ನಾಳೆ ದುಡ್ಡು ಕೊಟ್ಟುಬಿಡೋಣ ಎಂದು ಕೂತಿದ್ದಾಗ, ಕೊಡಿಗೇನಹಳ್ಳಿಯ ರೈತರೊಬ್ಬರು ಸೊಸೆಯ ಜೊತೆ ಒಳಗೆ ಬಂದರು. ಹಳೇ ಗಿರಾಕಿ, ಆರಡಿ ಆಳು. ಢಣ್ ಎಂದು ಬಾಣಲೆ ಹಣೆಗೆ ಬಡಿಯಿತು.

"ಇಂಗೆ ನೇತಾಕಿದ್ರೆ ಹೆಂಗೆ ಯಜಮಾನ್ರೇ?"

"ಇಷ್ಟು ವರ್ಷದಿಂದ ಬರ್ತೀರಿ, ಒಂದು ದಿನವೂ ತಗಲಿಲ್ಲವಲ್ಲ?"

"ಬಗ್ಕಂಡು ಬತ್ತಿದ್ದೆ. ಇವತ್ತು ಮಾತಾಡ್ತಾ ಮರ್ತ್‌ಬುಟ್ಟೆ."

ನನ್ನ ಎತ್ತರ ಐದಡಿ. ಕೈಗೆಟುಕಲಿ ಎಂದು ಬಾಗಿಲೊಳಗೇ ನನ್ನ ಅಳತೆಗೆ ಬಾಣಲೆ ನೇತುಹಾಕಿದ್ದೆ. ನನಗೆ ಅವು ಒಮ್ಮೆಯೂ ತಗಲಿರಲಿಲ್ಲ.

"ಬಗ್ತಿದ್ದದ್ದು... ನಮಸ್ಕಾರ ಅಲ್ಲವಾ?" ಎಂದೆ.

"ನಮಸ್ಕಾರನಾ? ತಲೆ ಉಳಿಸ್ಕಳಕ್ಕೆ ಕಣ್ರೀ."

ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. "ಅದ್ಕೇ ಮಾವ, ಇವ್ರು ಬಂದೋರಿಗೆಲ್ಲ ಕೈ ಮುಗೀತಿದ್ದುದು."

ಬಾಣಲೆಗಳು ಅಂದೇ ಏಳಡಿಗೆ ಏರಿದವು. ಶುಕ್ರವಾರ ಎಂಟು ಜನ ಒಳಗೆ ನಿಂತರೂ ಜಾಗ ಮಿಕ್ಕಿತ್ತು. ಪಕ್ಕದ ಮಳಿಗೆ ಮೊಬೈಲಿನವನ ಪಾಲಾಯಿತು.

ಒಟ್ಟು ಲಾಭ: ಉಳಿದ ನಾಲ್ಕು ಲಕ್ಷ, ಒಂದು ಬಾಗಿಲು, ಒಂದು ಅಟ್ಟ, ಎಂಟು ಇಡ್ಲಿ ಪಾತ್ರೆಯ ವ್ಯಾಪಾರ. ಒಂಬತ್ತನೆಯದನ್ನು ತಂಗಿ ಕೇಳದೆ ಒಯ್ದಳು. ಗಿರಾಕಿಗಳು ಮೊದಲಿಗಿಂತ ಹೆಚ್ಚು. ನಮಸ್ಕಾರ ಮಾಡುವವರು ಮಾತ್ರ ಒಬ್ಬರೂ ಇಲ್ಲ.